ಡ್ರೈನ್ ಚೀಲದಲ್ಲಿ ಕಂಡ ನಾಲ್ಕು ಚಮಚ ರಕ್ತ

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆಯಿದ್ದುದರಿಂದ ಎರಡು ತಿಂಗಳ ಹಿಂದೆ ವಿಪಲ್ ಶಸ್ತ್ರಚಿಕಿತ್ಸೆ ಆಯಿತು. 11ನೆಯ ದಿನ, ಮರುದಿನ ಮನೆಗೆ ಕಳುಹಿಸುವುದೆಂದು ನಿರ್ಧಾರವಾಗಿದ್ದಾಗ, ಡ್ರೈನ್ ಚೀಲದಲ್ಲಿ (ಹೊಟ್ಟೆಯೊಳಗಿನ ದ್ರವವನ್ನು ಕೊಳವೆಯ ಮೂಲಕ ಹೊರಗೆ ಸಂಗ್ರಹಿಸುವ ಚೀಲ) ಮೂರು ನಾಲ್ಕು ಚಮಚದಷ್ಟು ರಕ್ತ ಬಂದು ತಾನಾಗಿ ನಿಂತಿತು. ಆದರೂ ವೈದ್ಯರು ಆ ರಾತ್ರಿಯೇ ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋಗ್ರಾಂ ಸ್ಕ್ಯಾನ್ ಮಾಡಿಸಿ, ತೊಡೆಸಂದಿನ ರಕ್ತನಾಳದ ಮೂಲಕ ಕಾಯಿಲ್ (ರಕ್ತನಾಳವನ್ನು ಮುಚ್ಚುವ ಸಣ್ಣ ಲೋಹದ ಸುರುಳಿ) ಹಾಕಿದರು. ನಿಂತುಹೋದ ರಕ್ತಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಬಂಧುಗಳು ಈಗಲೂ ಕೇಳುತ್ತಾರೆ. ಈಚೆಗೆ ಅವರ ಮಲ ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ, ತೂಕವೂ ಇಳಿಯುತ್ತಿದೆ. ಏನು ಮಾಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಬೇಕಿತ್ತು. ಈ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆಭಾಗದ ಜೊತೆಗೆ ಡುವೋಡಿನಂ (ಸಣ್ಣಕರುಳಿನ ಮೊದಲ ಭಾಗ), ಪಿತ್ತಕೋಶ ಮತ್ತು ಪಿತ್ತನಾಳದ ಕೆಳಭಾಗವನ್ನು ತೆಗೆದು, ಉಳಿದ ಗ್ರಂಥಿಯನ್ನು ಸಾಮಾನ್ಯವಾಗಿ ಸಣ್ಣಕರುಳಿಗೆ ಹೊಲಿಯುತ್ತಾರೆ. ಗ್ರಂಥಿ ಬೆಣ್ಣೆಯಂತೆ ಮೆತ್ತಗಿದ್ದು ಅದರ ನಾಳವೂ ಸಣ್ಣದಾಗಿದ್ದರೆ ಎಂತಹ ನುರಿತ ಕೈಯ ಹೊಲಿಗೆಯೂ ಸೋರಬಹುದು. ಮೂರನೆಯ ದಿನ ಅಥವಾ ಅನಂತರ ಡ್ರೈನ್ ದ್ರವದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವದ ಪ್ರಮಾಣ, ರಕ್ತದಲ್ಲಿ ಅದಕ್ಕಿರುವ ಗರಿಷ್ಠ ಸಹಜ ಮಿತಿಯ ಮೂರು ಪಟ್ಟನ್ನು ಮೀರಿದರೆ ಸೋರಿಕೆಯಿದೆ ಎಂದರ್ಥ. ಜ್ವರ, ಸೋಂಕುಗಳಿಲ್ಲದಿದ್ದರೆ ಎಷ್ಟೋ ಬಾರಿ ಅದು ತಾನೇ ಮಾಯುತ್ತದೆ.

ಮಾಯದಿದ್ದಾಗ ತೊಂದರೆ. ಮಾಂಸವನ್ನು ಜೀರ್ಣಿಸುವ ರಸ ಹೊಟ್ಟೆಯೊಳಗೆ ನಿಂತರೆ, ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಿದ್ದ, ಜಠರ ಮತ್ತು ಡುವೋಡಿನಂಗೆ ರಕ್ತ ಒಯ್ಯುವ ಗ್ಯಾಸ್ಟ್ರೋಡುವೋಡಿನಲ್ ಅಪಧಮನಿಯ ಮೋಟನ್ನು ಮೆಲ್ಲಗೆ ತಿನ್ನುತ್ತದೆ. ಗೋಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿ, ಮೊದಲು ತುಸು ರಕ್ತ ಸೋರಿ ನಿಲ್ಲುತ್ತದೆ, ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಒಡೆದು ಪ್ರಾಣಕ್ಕೇ ಎರವಾಗಬಹುದು. ನಿಮ್ಮ ತಂದೆಯವರ ಚೀಲದಲ್ಲಿ ಕಂಡ ರಕ್ತವನ್ನು ವೈದ್ಯರು ಆ ಮುನ್ಸೂಚನೆಯೆಂದೇ ಎಣಿಸಿದ್ದಾರೆ. ಆ ಹೊತ್ತಿಗೆ ಒಳಗಿನ ಅಂಗಗಳು ಊದಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮತ್ತೆ ಹೊಟ್ಟೆ ತೆರೆಯುವುದು ಅಪಾಯ. ರಕ್ತದೊತ್ತಡ ಸ್ಥಿರವಾಗಿರುವಾಗಲೇ ನಳಿಕೆ ತೂರಿಸಿ ಮುಚ್ಚುವುದು ಜಾಣತನ. ಯಕೃತ್ತಿನ ಅಪಧಮನಿ ಪಕ್ಕದಲ್ಲೇ ಇರುವುದರಿಂದ ಕಾಯಿಲ್ ಹಾಕಿದ ಮೇಲೆ ಯಕೃತ್ತಿನ ರಕ್ತಪರೀಕ್ಷೆಗಳನ್ನು ಪದೇ ಪದೇ ಮಾಡಿಸುತ್ತಾರೆ. ಮುಂದೆಯೂ ರಕ್ತವಾಂತಿಯಾದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಬೆಳಗಾಗುವವರೆಗೆ ಕಾಯಬೇಡಿ.

ಇನ್ನು ಜಿಡ್ಡು ಮಲ. ಕಿಣ್ವ ಸಾಲದೆ ಕೊಬ್ಬು ಜೀರ್ಣವಾಗುತ್ತಿಲ್ಲವೆಂದು ತೋರುತ್ತದೆ. ತುಪ್ಪ ನಿಲ್ಲಿಸಿ ತೂಕ ಕಳೆದುಕೊಳ್ಳುವುದಕ್ಕಿಂತ ಕಿಣ್ವದ ಕ್ಯಾಪ್ಸೂಲ್ ಬಗ್ಗೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್‌ನಿಂದ (ಕೊಬ್ಬನ್ನು ಜೀರ್ಣಿಸುವ ಕಿಣ್ವ) ಆರಂಭಿಸುತ್ತಾರೆ. ಅದನ್ನು ಮೊದಲ ತುತ್ತಿನೊಂದಿಗೆ ಹಾಗೂ ಊಟದ ನಡುವೆ ನುಂಗಬೇಕು, ಕೈ ತೊಳೆದ ಮೇಲಲ್ಲ. ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಈ ಕ್ಯಾಪ್ಸೂಲ್ ಹಂದಿಯ ಗ್ರಂಥಿಯಿಂದ ತಯಾರಾಗುತ್ತದೆ. ಮನೆಯಲ್ಲಿ ಅದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಸದ್ದಿಲ್ಲದೆ ಬಿಟ್ಟುಬಿಡದೆ ವೈದ್ಯರೊಂದಿಗೇ ಮಾತಾಡಿ.