ಲಾಕ್ ನಟ್ ಹಾಕಿಸಿದ ಮೇಲೆ ಸ್ಟೀರಿಂಗ್ ನಡುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ನಮ್ಮದು 2016ರ ಹೋಂಡಾ ಸಿಟಿ, ಕಾರಿನ ಜೊತೆಗೇ ಬಂದ ಅಲಾಯ್ ಚಕ್ರಗಳು. ಪಕ್ಕದ ಬೀದಿಯಲ್ಲಿ ರಾತ್ರೋರಾತ್ರಿ ಒಂದು ಕಾರಿನ ನಾಲ್ಕೂ ಚಕ್ರ ಬಿಚ್ಚಿಕೊಂಡು ಹೋದರು. ಬೆಳಿಗ್ಗೆ ನೋಡಿದರೆ ಕಾರು ಇಟ್ಟಿಗೆ ಮೇಲೆ ನಿಂತಿತ್ತು. ಹೆದರಿ ನಾನೂ ಅದರದೇ ಕೀ ಇಲ್ಲದೆ ಬಿಚ್ಚಲಾಗದ ಲಾಕ್ ನಟ್ ಹಾಕಿಸಿದೆ. ಅಂಗಡಿಯವರು ಹದಿನಾರೂ ನಟ್ ಬದಲಿಸಿ ಹೊಸ ಸೆಟ್ ಹಾಕಿದರು. ಅದರಲ್ಲಿ ಚಕ್ರಕ್ಕೊಂದು ಲಾಕ್. ಆವತ್ತಿನಿಂದ ಬೆಂಗಳೂರಿಗೆ ಹೋಗುವಾಗ 80 ದಾಟಿದರೆ ಸಾಕು, ಸ್ಟೀರಿಂಗ್ ನಡುಗುತ್ತದೆ. ಎರಡು ಸಲ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್ ಆಯಿತು. ಲಾಕ್ ನಟ್ ಭಾರ ಜಾಸ್ತಿ, ಅದಕ್ಕೇ ನಡುಕ ಅನ್ನುತ್ತಾರೆ. ನಿಜವೇ? ಹಳೆ ನಟ್‌ಗಳು ಡಿಕ್ಕಿಯಲ್ಲೇ ಇವೆ.
– ಓದುಗರು, ದಾವಣಗೆರೆ

ಉತ್ತರ: ಹಳೆ ನಟ್ ಎಸೆಯದೆ ಇಟ್ಟುಕೊಂಡಿದ್ದೀರಲ್ಲ ಮೇಡಂ, ತುಂಬಾ ಒಳ್ಳೆಯದಾಯಿತು. ಇದನ್ನು ಓದಿದ ದಿನವೇ ಅವನ್ನು ವಾಪಸ್ ಹಾಕಿಸಿ. ಅಲ್ಲಿವರೆಗೆ ದಯವಿಟ್ಟು ಹೈವೇಗೆ ಹೋಗಬೇಡಿ.

ಭಾರದ ಮಾತು ಸರಿಯಲ್ಲ. ಲಾಕ್ ನಟ್ ಮಾಮೂಲಿ ನಟ್‌ಗಿಂತ 20 ಗ್ರಾಂ ಜಾಸ್ತಿ ತೂಗುತ್ತದೆ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಕಾರಿನಲ್ಲಿ ನಟ್ ಇರುವುದು ಚಕ್ರದ ನಡುವಿನಿಂದ 5 ಸೆಂ.ಮೀ. ದೂರದಲ್ಲಿ. ಬ್ಯಾಲೆನ್ಸಿಂಗ್ ತೂಕ ಹಚ್ಚುವ ರಿಮ್ಮಿನ ಅಂಚು 15 ಇಂಚಿನ ಚಕ್ರದಲ್ಲಿ ಸುಮಾರು 19 ಸೆಂ.ಮೀ. ದೂರದಲ್ಲಿ. ನಡುವಿಗೆ ಹತ್ತಿರ ಇದ್ದಷ್ಟೂ ಭಾರದ ಪರಿಣಾಮ ಕಡಿಮೆ. ಲೆಕ್ಕ ಹಾಕಿದರೆ ಆ 20 ಗ್ರಾಂ ರಿಮ್ಮಿನ ಮೇಲಿನ 5 ಗ್ರಾಂಗೆ ಸಮ. ಅಷ್ಟಕ್ಕೆಲ್ಲ ಸ್ಟೀರಿಂಗ್ ಹೀಗೆ ನಡುಗುವುದಿಲ್ಲ.

ನನ್ನ ಅನುಮಾನ ನಟ್‌ನ ಬುಡದ ಮೇಲೆ. ಹೋಂಡಾ ಕಾರಿನ ಜೊತೆ ಬರುವ ಚಕ್ರದಲ್ಲಿ ನಟ್ ಕೂರುವ ಜಾಗ ಬಟ್ಟಲಿನಂತೆ ದುಂಡಗಿರುತ್ತದೆ. ಅದರ ನಟ್ ಕೂಡ ಬುಡದಲ್ಲಿ ದುಂಡಗೇ ಇರುತ್ತದೆ. ಇದಕ್ಕೆ ಬಾಲ್ ಸೀಟ್ ಅನ್ನುತ್ತಾರೆ. ಹೊರಗೆ ಸಿಗುವ ನಟ್ ಸೆಟ್‌ಗಳಲ್ಲಿ ಜಾಸ್ತಿ ಇರುವುದು ಆಲಿಕೆಯಂತೆ ಇಳಿಜಾರಾದ ಕೋನ್ ಸೀಟ್. ಮರೆ, ಅಂದರೆ ನಟ್ ಒಳಗಿನ ಥ್ರೆಡ್, ಎರಡಕ್ಕೂ ಒಂದೇ, 12×1.5 (12 ಮಿ.ಮೀ. ದಪ್ಪದ ಬೋಲ್ಟ್, 1.5 ಮಿ.ಮೀ.ಗೊಂದು ಎಳೆ). ಹಾಗಾಗಿ ಕೋನ್ ನಟ್ ಸಲೀಸಾಗಿ ತಿರುಗಿಕೊಂಡು ಹೋಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಒರಳಿಗೆ ಅದರದೇ ಗುಂಡು ಹೊಂದುವ ಹಾಗೆ ಹೊಂದಬೇಕಲ್ವಾ? ಇಲ್ಲಿ ಹಾಗಾಗುವುದಿಲ್ಲ. ಕೂದಲೆಳೆಯಷ್ಟು ಅಗಲದ ಒಂದು ಸುತ್ತು ಮಾತ್ರ ತಾಗುತ್ತದೆ. ಚಕ್ರ ಗಟ್ಟಿಯಾಗಿ ಕೂರುವುದಿಲ್ಲ, ಓಡುತ್ತ ಓಡುತ್ತ ನಟ್ ಸಡಿಲವಾಗುತ್ತದೆ.

ಹುಬ್ಬಳ್ಳಿಯ ಟೈರ್ ಅಂಗಡಿಯಲ್ಲಿ 24 ವರ್ಷ ಕೆಲಸ ಮಾಡಿದೆ. ಒಮ್ಮೆ ಇದೇ ತರಹದ ನಡುಕ ಅಂತ ಒಂದು ಕಾರು ಬಂತು. ಸ್ಪಾನರ್ ಹಚ್ಚುವ ಮೊದಲು ಸುಮ್ನೆ ಕೈ ಇಟ್ಟು ನೋಡಿದೆ. ಮುಂದಿನ ಎಡ ಚಕ್ರದ ಒಂದು ನಟ್ ಬೆರಳಲ್ಲೇ ತಿರುಗಿತು. ಹಿಂದಿನ ಸೀಟಿನಲ್ಲಿ ಪುಟ್ಟ ಮಗು ಮಲಗಿತ್ತು. ನಟ್ ವಿಷಯ ಬಂದಾಗಲೆಲ್ಲ ನನಗೆ ಆ ಮಗುವಿನ ಮುಖವೇ ನೆನಪಾಗುತ್ತದೆ.

ನೀವೇ ಪರೀಕ್ಷೆ ಮಾಡಬಹುದು. ಸ್ಟೀಲ್ ಸ್ಕೇಲಿನ ಅಂಚನ್ನು ಹೊಸ ನಟ್‌ನ ಇಳಿಜಾರಿಗೆ ಒತ್ತಿ ಹಿಡಿಯಿರಿ. ಸಂದಿಲ್ಲದೆ ಕೂತರೆ ಅದು ಕೋನ್. ನಡುವೆ ಉಬ್ಬಿಕೊಂಡು ಸ್ಕೇಲು ಆ ಕಡೆ ಈ ಕಡೆ ಆಡಿದರೆ ಬಾಲ್. ಹಳೆ ನಟ್‌ಗೂ ಹೀಗೇ ಹಿಡಿದು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಚಕ್ರ ಬಿಚ್ಚಿದಾಗ ರಂಧ್ರದ ಸುತ್ತ ಸವೆದು ಗುಂಡಿ ಬಿದ್ದಿದೆಯೇ, ಬಿರುಕಿದೆಯೇ ಅಂತಲೂ ನೋಡಿಸಿ. ಇದ್ದರೆ ಆ ಚಕ್ರ ಮತ್ತೆ ಹಾಕಿಸಬೇಡಿ.

ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಇದು ಯಾಕೆ ಸಿಗಲಿಲ್ಲ? ಆ ಮೆಷಿನ್ ಚಕ್ರವನ್ನು ನಡುವಿನ ದೊಡ್ಡ ರಂಧ್ರದಲ್ಲಿ ಹಿಡಿದು ತಿರುಗಿಸುತ್ತದೆ. ನಿಮ್ಮ ನಟ್‌ಗಳಿಗೆ ಅಲ್ಲಿ ಕೆಲಸವೇ ಇಲ್ಲ. ಮೆಷಿನ್ ಸೊನ್ನೆ ತೋರಿಸುತ್ತದೆ, ಕಾರಿಗೆ ಹಾಕಿದರೆ ಮತ್ತೆ ನಡುಕ. ಇನ್ನು ಅಲೈನ್‌ಮೆಂಟ್ ಬೇಕಾಗುವುದು ಕಾರು ಒಂದು ಕಡೆ ಎಳೆದರೆ, ಟೈರ್ ಒಂದೇ ಬದಿ ಸವೆದರೆ. ನಡುಕಕ್ಕೆ ಅದು ಮದ್ದಲ್ಲ.

ಹಳೆ ನಟ್ ಹಾಕುವಾಗ ಎದುರಿಗೇ ನಿಂತು ನೋಡಿ. ಚಕ್ರ ಕೂರುವ ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಲಿ. ಮರೆಗೆ ಎಣ್ಣೆ, ಗ್ರೀಸ್ ಬೇಡ. ಕಾರು ಜಾಕಿ ಮೇಲಿದ್ದಾಗಲೇ ನಾಲ್ಕೂ ನಟ್‌ಗಳನ್ನು ಕೈಯಿಂದ ತಿರುಗಿಸಿ, ಆಮೇಲೆ ಎದುರುಬದುರು ಬಿಗಿಯಲಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಸ್ಪಾನರ್) ಆಗಬೇಕು, ನಿಮ್ಮ ಕಾರಿಗೆ 108 ನ್ಯೂಟನ್ ಮೀಟರ್. ಅಂದರೆ 30 ಸೆಂ.ಮೀ. ಉದ್ದದ ಸ್ಪಾನರಿನ ತುದಿಗೆ 37 ಕೆ.ಜಿ. ಭಾರ ಬಿಟ್ಟಂತೆ. ಗಾಳಿ ಗನ್ನಿನಿಂದ ಗರ್ ಅನ್ನಿಸಿ ಕೈ ತೊಳೆದುಕೊಳ್ಳಲು ಬಿಡಬೇಡಿ. 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಇಷ್ಟಾದ ಮೇಲೂ ನಡುಗಿದರೆ ರಿಮ್ ಸೊಟ್ಟಗಾಗಿದೆಯೇ, ಟೈರ್ ಉಬ್ಬಿದೆಯೇ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಕಡೆ ಗಮನ ಕೊಡಿ. ಲಾಕ್ ನಟ್ ಬೇಕೇ ಬೇಕು ಅಂದರೆ 'ಬಾಲ್ ಸೀಟ್, 12×1.5' ಅಂತ ಬರೆದುಕೊಂಡು ಹೋಗಿ ಕೇಳಿ, ಸ್ಕೇಲ್ ಹಿಡಿದು ನೋಡಿಯೇ ತನ್ನಿ.

ಪ್ರಶ್ನೆ: ಲಾಕ್ ನಟ್‌ನ ಕೀ ಕಳೆದುಹೋಗಿದೆ. ಮುಂದಿನ ವಾರ ಧರ್ಮಸ್ಥಳಕ್ಕೆ ಹೋಗಬೇಕು. ಹಾಗೇ ಹೋಗಿ ಬರಲೇ?
– ಓದುಗರು, ತುಮಕೂರು

ಉತ್ತರ: ಬೇಡ ಸಾರ್. ಶಿರಾಡಿ ಘಾಟಿಯಲ್ಲಿ ಪಂಚರ್ ಆದರೆ ಸ್ಟೆಪ್ನಿ, ಜಾಕಿ ಇದ್ದೂ ಚಕ್ರ ಬಿಚ್ಚಲಾಗದೆ ಮನೆಯವರ ಜೊತೆ ರಸ್ತೆ ಬದಿ ನಿಲ್ಲಬೇಕಾಗುತ್ತದೆ. ಸೆಟ್ ಬಂದ ಡಬ್ಬಿ ಹುಡುಕಿ. ಅದರಲ್ಲಿ ಕೋಡ್ ಇರುವ ಚೀಟಿ ಸಿಕ್ಕರೆ, ಮಾರಿದವರಿಗೆ ತೋರಿಸಿ ಹೊಸ ಕೀ ತರಿಸಿಕೊಳ್ಳಿ. ಸಿಗದಿದ್ದರೆ ಹೊರಡುವ ಮೊದಲೇ ಟೈರ್ ಅಂಗಡಿಯಲ್ಲಿ ತೆಗೆಸಿಬಿಡಿ. ಸ್ವಲ್ಪ ಚಿಕ್ಕ ಸಾಕೆಟ್ಟನ್ನು ನಟ್ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುತ್ತಾರೆ, ಎಷ್ಟೋ ನಟ್ ಹಾಗೆ ಬರುತ್ತವೆ. ಆ ನಟ್ ಹಾಳಾಗುತ್ತದೆ, ಆಗಲಿ ಬಿಡಿ. ಮುಂದೆ ಕೀಯನ್ನು ಜಾಕಿ ಚೀಲದಲ್ಲೇ ಇಡಿ. ಪಂಚರ್ ಅಂಗಡಿಯಲ್ಲಿ ಕೊಟ್ಟರೆ, ಹೊರಡುವ ಮುಂಚೆ ಕೇಳಿ ವಾಪಸ್ ಇಸಿದುಕೊಳ್ಳಿ.