ಜೂನ್ ತಿಂಗಳಲ್ಲಿ ಹಗುರಾದ ಉಸಿರು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾವಗಡ ತಾಲ್ಲೂಕಿನ 26 ವರ್ಷದ ಯುವತಿಯೊಬ್ಬಳನ್ನು ಆಕೆಯ ತಾಯಿ ಜುಲೈ ತಿಂಗಳಲ್ಲಿ ತುಮಕೂರಿನ ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಕರೆತಂದರು. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಒಣಗಿದ ವರ್ಷ ಮೇಸ್ತ್ರಿಯೊಬ್ಬನ ಮೂಲಕ ಕರಾವಳಿಯ ಮೀನು ಸಂಸ್ಕರಣಾ ಘಟಕಕ್ಕೆ ಹೋಗಿದ್ದ ಆಕೆ, ಎರಡು ವರ್ಷ ಸಿಗಡಿಯ ಸಿಪ್ಪೆ ಬಿಡಿಸಿದ ಮೇಲೆ ಅದನ್ನು ಹಬೆಯಲ್ಲಿ ಬೇಯಿಸುವ ವಿಭಾಗಕ್ಕೆ ಬದಲಾಗಿದ್ದಳು. ಎದೆ ಬಿಗಿತ, ದಮ್ಮು, ನಡುರಾತ್ರಿ ಎದ್ದು ಕೂರುವುದು ಶುರುವಾದದ್ದು ಆಮೇಲೆ. ಜೊತೆಯವರು ಮನೆಯ ನೆನಪೆಂದರು, ಮೇಲ್ವಿಚಾರಕ ಕೆಲಸಗಳ್ಳತನವೆಂದ, ತಾಯಿ ಗಾಳಿ ಸೋಕಿದೆಯೆಂದು ಹರಕೆ ಹೊತ್ತರು. ತನ್ನದು ಅಳ್ಳೆದೆಯೆಂದು ಆಕೆಯೂ ನಂಬಿಬಿಟ್ಟಿದ್ದಳು.

ನಾನೂ ಮೊದಲ ಅರ್ಧ ಗಂಟೆ ಆತಂಕದ ಜಾಡಿನಲ್ಲೇ ಪ್ರಶ್ನೆ ಕೇಳುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ದಾರಿ ತಿದ್ದಿದ್ದು ತಾಯಿಯ ಮಾತು: "ಹರಕೆ ಫಲಿಸ್ತು ಮೇಡಂ, ಜೂನ್‌ನಾಗೆ ಮನೆಗೆ ಬಂದ್ಮೇಲೆ ಒಂದಿನವೂ ದಮ್ಮು ಬಂದಿಲ್ಲ."

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ದೋಣಿಯ ಸಿಗಡಿಯನ್ನೇ ನೆಚ್ಚಿದ್ದ ಆ ಘಟಕ ಆಗ ಹೊರಗಿನ ಕೆಲಸಗಾರರನ್ನು ಊರಿಗೆ ಕಳುಹಿಸುತ್ತಿತ್ತು. ಗೋಡೆಯ ಕ್ಯಾಲೆಂಡರ್ ಇಳಿಸಿ, ಉಸಿರು ಕಟ್ಟಿದ ದಿನಗಳಿಗೆ ಗುರುತು ಹಾಕಲು ಹೇಳಿದೆ. ಗುರುತುಗಳೆಲ್ಲ ಪಾಳಿಯ ದಿನ ಅಥವಾ ಅದರ ರಾತ್ರಿಗೇ ಬಿದ್ದವು. ದೀಪಾವಳಿಯ ರಜೆಯ ದಿನಗಳಲ್ಲಿ ಒಂದೂ ಗುರುತಿರಲಿಲ್ಲ. ಕೆಲಸದ ಆತಂಕವೂ ರಜೆಯಲ್ಲಿ ಇಳಿಯಬಹುದು, ನಿಜ; ಆದರೆ ಆಕೆಗೆ ಸೀನು, ಕಣ್ಣುರಿ, ಕೈತುರಿಕೆಯೂ ಇದ್ದವು. ಸಿಗಡಿ, ಏಡಿಗಳ ಪ್ರೋಟೀನು ಹಬೆಯಲ್ಲಿ, ನೀರಿನ ತುಂತುರಿನಲ್ಲಿ ಬೆರೆತು ಉಸಿರಿನೊಡನೆ ಒಳಹೋದರೆ ಕೆಲವರಿಗೆ ಆಸ್ತಮಾ ಬರುತ್ತದೆ.

ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದೇ ಜಿಲ್ಲಾಸ್ಪತ್ರೆಗೆ ಹೋಗಬೇಕು, "ಕಂಪನಿ ಕೆಲಸ" ಎನ್ನದೆ ಸಿಗಡಿ ಬೇಯಿಸುವ ಕೆಲಸವೆಂದೇ ವೈದ್ಯರಿಗೆ ಹೇಳಬೇಕು ಎಂದು ಸಲಹೆ ಕೊಟ್ಟೆ. ರಜೆಯಲ್ಲಿ ಮಾಡಿದ ಉಸಿರಾಟದ ಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು, ಆದ್ದರಿಂದ ವೈದ್ಯರನ್ನು ಕೇಳದೆ ಮರಳಿ ಹೋಗಕೂಡದು ಎಂದೂ ಎಚ್ಚರಿಸಿದೆ. ಸಂಬಳದಲ್ಲಿ ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ, ಶೇ. 0.75 ಕಡಿತವಾಗುತ್ತಿದ್ದರೂ ಕಾರ್ಡು ಮೇಸ್ತ್ರಿಯ ಬಳಿಯೇ ಉಳಿದಿತ್ತು. ಕೆಲಸದಿಂದ ಬರುವ ಆಸ್ತಮಾ ಇಎಸ್‌ಐ ಕಾನೂನಿನಡಿ ಸೌಲಭ್ಯ ಸಿಗುವ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿರುವುದರಿಂದ ಮೊದಲು ಆ ಕಾರ್ಡಿನ ವಿಮಾ ಸಂಖ್ಯೆಯನ್ನು ಪಡೆಯಲು ಹೇಳಿದೆ. ಹರಕೆಯನ್ನು ಬಿಡಿ ಎಂದು ತಾಯಿಗೆ ಹೇಳಲಿಲ್ಲ. ತೀರಿಸಿ ಬಂದೇ ಪರೀಕ್ಷೆ ಮಾಡಿಸಲಿ ಎಂದೆ.

ಆಗಸ್ಟ್ ಕೊನೆಯಲ್ಲಿ ಆಕೆ ಇನ್‌ಹೇಲರ್ ಹಿಡಿದು ಒಬ್ಬಳೇ ಬಂದಳು. ತಂಗಿಯ ಕಾಲೇಜು ಶುಲ್ಕ ಬಾಕಿಯಿತ್ತು, ಮೇಸ್ತ್ರಿ ದಿನವೂ ಫೋನ್ ಮಾಡುತ್ತಿದ್ದ. ಘಟಕಕ್ಕೆ ಪತ್ರ ಬರೆದುಕೊಡಿ ಎಂದಳು. ಹಾಳೆ ಕೊಟ್ಟು, ಆಕೆಯೇ ಬರೆಯುವವರೆಗೆ ಕಾದೆ: ವೈದ್ಯರ ಚೀಟಿ ಲಗತ್ತಿಸಿದೆ, ಹಬೆಯ ಕೋಣೆ ಬೇಡ, ಪ್ಯಾಕಿಂಗ್ ವಿಭಾಗ ಕೊಡಿ, ಅಲ್ಲಿಯೂ ಉಸಿರು ಕಟ್ಟಿದರೆ ನಾನು ಕೆಲಸದಲ್ಲಿ ಉಳಿಯುವುದಿಲ್ಲ.