ಮುದ್ದೆ ಬಿಡಿಸಬೇಡಿ, ಸಾರು ನೋಡಿ

ಮಂಡ್ಯದ ನಿಮ್ಮ ತಂದೆ ದಿನಾ ರಾಗಿ ಮುದ್ದೆ ತಿಂತಾರೆ, ಶುಗರ್‌ಗೆ ಕರಗುವ ನಾರು ಬೇರೆ ಬೇಕಾ ಅಂತ ಕೇಳಿದ್ದೀರಿ. ಬೇಕು. ರಾಗಿಯ ನಾರು ಹೆಚ್ಚಾಗಿ ನೀರಲ್ಲಿ ಕರಗದ ಬಗೆಯದು.

ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿಡಿ. ಬೆಳಿಗ್ಗೆ ಬೆರಳಿಗೆ ಲೋಳೆ ಅಂಟುತ್ತಲ್ವಾ, ಅದೇ ಕರಗುವ ನಾರು. ಹೊಟ್ಟೆಯಲ್ಲೂ ಹೀಗೇ ಲೋಳೆಯಾಗಿ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಇದನ್ನು ತಿಂದು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಊಟ, ಉರಿಯೂತ ತಗ್ಗಲೂ ಅದು ನೆರವಾಗುತ್ತದೆ.

ಮುದ್ದೆ ಇರಲಿ, ಜೊತೆಗೆ ಅವರೆಕಾಳು, ಹುರುಳಿಕಾಳು ಕೊಡಿ. ನಮ್ಮನೆಯವರು ಬಸ್ಸಾರು ಸುರಿದುಕೊಂಡು ಕಾಳಿನ ಪಲ್ಯ ತಟ್ಟೆಯಲ್ಲೇ ಬಿಡುತ್ತಿದ್ದರು. ನಾರೆಲ್ಲ ಅಲ್ಲೇ ಉಳಿಯುತ್ತಿತ್ತು! ಒಂದೇ ಸಲ ಜಾಸ್ತಿ ಮಾಡಿದರೆ ಗ್ಯಾಸ್ ಗ್ಯಾರಂಟಿ. ಶುಗರ್ ಮಾತ್ರೆ ತಗೊಳ್ತಿದ್ದರೆ ಮೆಂತ್ಯದ ವಿಷಯ ಡಾಕ್ಟರಿಗೆ ಮೊದಲೇ ಹೇಳಿ.